ಮೊದಲ ಕಾರು, ಸಣ್ಣ ಕಾರು: ನಗರದೊಳಗೆ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಕಾರು ಕೊಳ್ಳಲು ಹೊರಟವರು ‘ಯಾವ ಕಾರು ಒಳ್ಳೆಯದು?’ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಇಲ್ಲ. ‘ನಾನು ದಿನಾ ಹೋಗುವ ದಾರಿಗೆ, ನಿಲ್ಲಿಸುವ ಜಾಗಕ್ಕೆ, ತಿಂಗಳಿಗೆ ನನ್ನ ಕೈಲಾಗುವ ಖರ್ಚಿಗೆ ಯಾವುದು ಹೊಂದುತ್ತದೆ?’ ಅಂತ ಕೇಳಿದರೆ ಇದೆ. ಕೆಳಗಿನ ಉತ್ತರಗಳೆಲ್ಲ ಈ ಎರಡನೇ ಪ್ರಶ್ನೆಗೆ ಸೇರಿದವು. ಮಾಡೆಲ್‌ಗಳ ಪಟ್ಟಿ ಇಲ್ಲಿಲ್ಲ. ಒಂದೊಂದು ದೇಶದಲ್ಲಿ ಒಂದೊಂದು ಸಿಗುತ್ತದೆ, ಅದೂ ವರ್ಷ ವರ್ಷ ಬದಲಾಗುತ್ತದೆ.

ಎಲ್ಲಿಂದ ಶುರು ಮಾಡಲಿ?

ಷೋರೂಮಿನಿಂದಲ್ಲ, ಟೇಪಿನಿಂದ. ಕಾರು ರಾತ್ರಿ ನಿಲ್ಲುವ ಜಾಗವನ್ನು ಅಳೆಯಿರಿ. ಗೇಟಿನ ಅಗಲ, ಒಳಗಿನ ಉದ್ದ, ಪಕ್ಕದ ಗೋಡೆ ಅಥವಾ ಕಂಬದಿಂದ ಇರುವ ದೂರ, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಓಡಿಸುವವರ ಬಾಗಿಲು ತೆರೆದು ಒಬ್ಬರು ಇಳಿಯಬೇಕಾದರೆ ಆ ಬದಿಗೆ ಕಡಿಮೆ ಅಂದರೂ 60 ಸೆಂಟಿಮೀಟರ್ ಬೇಕು. ಮೂರು ಬಾಗಿಲಿನ (ಪಕ್ಕಕ್ಕೆ ಎರಡು, ಹಿಂದೆ ಡಿಕ್ಕಿಗೆ ಒಂದು) ಕಾರಾದರೆ ಇನ್ನೂ ಜಾಸ್ತಿ, ಯಾಕೆಂದರೆ ಅವುಗಳ ಬಾಗಿಲು ಉದ್ದ.

ಬ್ರೋಷರಿನಲ್ಲಿ ಕೊಡುವ ಅಗಲದಲ್ಲಿ ಸಾಮಾನ್ಯವಾಗಿ ಪಕ್ಕದ ಕನ್ನಡಿಗಳು ಸೇರಿರುವುದಿಲ್ಲ. ಕಾಗದದ ಮೇಲೆ ಗೇಟಿನಲ್ಲಿ ಸಲೀಸಾಗಿ ಹೋಗುವ ಕಾರು ನಿಜವಾಗಿ ಹೋಗುವಾಗ ಕನ್ನಡಿ ಮಡಚಬೇಕಾಗಬಹುದು. ದಿನಕ್ಕೆ ಎರಡು ಸಲ, ಮಳೆಯಲ್ಲೂ.

ಆಮೇಲೆ ಒಂದು ವಾರ ನಿಮ್ಮ ಓಡಾಟ ಬರೆದಿಡಿ. ಎಷ್ಟು ಕಿಲೋಮೀಟರ್, ಎಷ್ಟು ಜನ, ಎಷ್ಟು ಸಾಮಾನು. ಹೆಚ್ಚಿನವರಿಗೆ ಇದನ್ನು ನೋಡಿ ಆಶ್ಚರ್ಯವಾಗುತ್ತದೆ. ಐದು ಜನರ ಕಾರು ಬೇಕು ಅಂದುಕೊಂಡವರು ವಾರದಲ್ಲಿ ಆರು ದಿನ ಒಬ್ಬರೇ ಓಡಾಡಿರುತ್ತಾರೆ.

ಸಣ್ಣ ಕಾರು ಅಂದರೆ ಎಷ್ಟು ಸಣ್ಣದು?

ಎಲ್ಲ ಕಡೆ ಒಪ್ಪಿದ ಒಂದೇ ಅಳತೆ ಇಲ್ಲ. ಕಾನೂನಿನಲ್ಲೇ ಅಳತೆ ಬರೆದಿಟ್ಟ ದೇಶಗಳಲ್ಲಿ ಜಪಾನ್ ಒಂದು. ಅಲ್ಲಿನ ‘ಕೇ’ ಕಾರುಗಳು 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ ಎಂಜಿನ್ ದಾಟುವಂತಿಲ್ಲ. ಉಳಿದ ಕಡೆ 3.5 ಮೀಟರ್ ಆಸುಪಾಸಿನದನ್ನು ನಗರದ ಕಾರು ಅಂತಲೂ, 4 ಮೀಟರ್ ಹತ್ತಿರದ್ದನ್ನು ಸಣ್ಣ ಹ್ಯಾಚ್‌ಬ್ಯಾಕ್ ಅಂತಲೂ ಕರೆಯುವ ರೂಢಿ ಇದೆ. ಮೊದಲ ಕಾರಿಗೆ ಈ ಎರಡರ ನಡುವಿನದು ಸಾಕು.

ಹೊರಗೆ ಸಣ್ಣದಾದರೆ ಒಳಗೂ ಇಕ್ಕಟ್ಟು ಅನ್ನುವ ಭಯ ಬೇಡ. ಆ ಸಮಸ್ಯೆಯನ್ನು 1959ರಲ್ಲೇ ಬಿಡಿಸಿದ್ದಾರೆ. ಈಜಿಪ್ಟಿನ ಸುಯೆಜ್ ಕಾಲುವೆ ಮುಚ್ಚಿದ 1956ರ ಬಿಕ್ಕಟ್ಟಿನಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪರದಾಟವಾಯಿತು. ಅದರ ಬೆನ್ನಿಗೇ ಎಂಜಿನಿಯರ್ ಅಲೆಕ್ ಇಸಿಗೋನಿಸ್ ಮಿನಿ ಕಾರನ್ನು ರೂಪಿಸಿದರು. ಉದ್ದ 3 ಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಎಂಜಿನ್ನನ್ನು ಉದ್ದುದ್ದ ಇಡುವ ಬದಲು ಅಡ್ಡ ಇಟ್ಟರು, ಮುಂದಿನ ಚಕ್ರಗಳಿಂದಲೇ ಎಳೆಸಿದರು, ಚಕ್ರಗಳನ್ನು 10 ಇಂಚಿಗೆ ಇಳಿಸಿ ನಾಲ್ಕು ಮೂಲೆಗೆ ತಳ್ಳಿದರು. ಜಾಗದ ಬಹುಪಾಲು ಜನರಿಗೇ ಉಳಿಯಿತು. ಇವತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಈಗಲೂ ಅದೇ ದಾರಿಯಲ್ಲಿವೆ.

ಒಳಗಿನ ಜಾಗ ತಿಳಿಯಲು ಉದ್ದಕ್ಕಿಂತ ವೀಲ್‌ಬೇಸ್ ನೋಡಿ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ. ಜೊತೆಗೆ ಎತ್ತರ. ಎತ್ತರದ ಕಾರಿನಲ್ಲಿ ನೆಟ್ಟಗೆ ಕೂರುತ್ತೇವೆ, ಹಾಗಾಗಿ ಕಾಲಿಗೆ ಕಡಿಮೆ ಉದ್ದ ಸಾಕು. ಮಂಡಿ ನೋವಿರುವ ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಹತ್ತಿ ಇಳಿಯಲು ಸುಲಭ.

ಇಕ್ಕಟ್ಟಿನ ರಸ್ತೆಯಲ್ಲಿ ತಿರುಗಿಸಲು ಯಾವುದು ಸುಲಭ?

ತಿರುಗುವ ವೃತ್ತ, ಅಂದರೆ ಕಾರು ಪೂರ್ತಿ ಒಂದು ಸುತ್ತು ತಿರುಗಲು ಬೇಕಾದ ಜಾಗ, ಸಣ್ಣದಿರುವುದು. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 9ರಿಂದ 10 ಮೀಟರ್ ವ್ಯಾಸ. ಕೆಲವು ಕಂಪನಿಗಳು ವ್ಯಾಸದ ಬದಲು ತ್ರಿಜ್ಯ ಕೊಡುತ್ತವೆ. 4.7 ಮೀಟರ್ ಅಂತ ಕಂಡರೆ ಎರಡರಿಂದ ಗುಣಿಸಿಯೇ ಹೋಲಿಸಿ. 2014ರಲ್ಲಿ ಬಂದ ಸ್ಮಾರ್ಟ್ ಫೋರ್‌ಟೂ 7 ಮೀಟರಿಗಿಂತ ಕಡಿಮೆ ಜಾಗದಲ್ಲೇ ಸುತ್ತುತ್ತಿತ್ತು. ಅದರ ಎಂಜಿನ್ ಹಿಂದಿತ್ತು, ಮುಂದಿನ ಚಕ್ರಗಳು ಜಾಸ್ತಿ ತಿರುಗಲು ಜಾಗ ಸಿಕ್ಕಿತ್ತು.

ಕಾರಿನಿಂದ ಹೊರಗೆ ಎಷ್ಟು ಕಾಣುತ್ತದೆ ಅನ್ನುವುದೂ ಇಷ್ಟೇ ಮುಖ್ಯ. ಮುಂಗಾಜಿನ ಪಕ್ಕದ ಕಂಬ ದಪ್ಪವಾಗಿದ್ದರೆ ತಿರುವಿನಲ್ಲಿ ಒಬ್ಬ ಮನುಷ್ಯ ಪೂರ್ತಿ ಅದರ ಹಿಂದೆ ಮರೆಯಾಗುತ್ತಾನೆ. ಇದನ್ನು ಯಾವ ಕ್ಯಾಮೆರಾವೂ ಸರಿಮಾಡುವುದಿಲ್ಲ. ಚಂದ ಕಾಣಲಿ ಅಂತ ಹಿಂದಿನ ಗಾಜನ್ನು ಕಿಂಡಿಯಷ್ಟು ಮಾಡಿರುವ ಕಾರುಗಳ ಬಗ್ಗೆ ನನಗೆ ತಾಳ್ಮೆ ಕಡಿಮೆ.

ವರ್ಷಕ್ಕೆ ಒಂದೆರಡು ಸಲ ಎಲ್ಲರೂ ದೂರ ಹೋಗುತ್ತೇವೆ. ದೊಡ್ಡದನ್ನೇ ತಗೊಂಡರೆ ವಾಸಿ ಅಲ್ವಾ?

ಅಲ್ಲ. ಆ ಎರಡು ಪ್ರಯಾಣಕ್ಕೆ ದೊಡ್ಡ ಕಾರು ಬಾಡಿಗೆಗೆ ತಗೊಳ್ಳಿ. ಉಳಿದ ದಿನಗಳಲ್ಲಿ ದೊಡ್ಡ ಕಾರಿನ ಇಂಧನ, ಟೈರು, ವಿಮೆ, ಪಾರ್ಕಿಂಗ್ ಪರದಾಟ ಎಲ್ಲ ಉಳಿಯುತ್ತವೆ.

ಬಜೆಟ್ ಹೇಗೆ ಲೆಕ್ಕ ಹಾಕಬೇಕು?

ಕಾರಿನ ಬೆಲೆಯಿಂದ ಹಿಂದಕ್ಕೆ ಬರಬೇಡಿ, ತಿಂಗಳ ಖರ್ಚಿನಿಂದ ಮುಂದಕ್ಕೆ ಹೋಗಿ. ಇಂಧನ, ವಿಮೆ, ತೆರಿಗೆ, ಸರ್ವೀಸ್, ಪಾರ್ಕಿಂಗ್ ಬಾಡಿಗೆ, ಸಾಲವಿದ್ದರೆ ಕಂತು. ಜೊತೆಗೆ ಮರೆತೇಹೋಗುವ ಮೂರು: ಟೈರು, ಬ್ಯಾಟರಿ, ಬ್ರೇಕ್ ಪ್ಯಾಡು. 12 ವೋಲ್ಟಿನ ಬ್ಯಾಟರಿ ಮೂರರಿಂದ ಐದು ವರ್ಷ ಬಾಳುತ್ತದೆ. ಸೆಖೆ ಜಾಸ್ತಿಯಿರುವ ಕಡೆ ಇನ್ನೂ ಬೇಗ ಹೋಗುತ್ತದೆ. ಟೈರು ನಾಲ್ಕೂ ಒಟ್ಟಿಗೆ ಬದಲಿಸುವ ತಿಂಗಳು ಬಂದೇ ಬರುತ್ತದೆ. ಅದರ ಪಾಲನ್ನು ಈಗಿಂದಲೇ ತಿಂಗಳಿಗೆ ಇಷ್ಟು ಅಂತ ತೆಗೆದಿಡುವುದು ಒಳ್ಳೆಯದು.

ಟೈರಿನ ಅಳತೆಯನ್ನು ಕೊಳ್ಳುವ ಮೊದಲೇ ನೋಡಿ. ಒಂದೇ ಕಾರಿನ ಕೆಳಗಿನ ವೇರಿಯಂಟಿನಲ್ಲಿ 14 ಇಂಚು, ಮೇಲಿನದರಲ್ಲಿ 16 ಇಂಚು ಇರಬಹುದು. ದೊಡ್ಡ ಚಕ್ರದ ಟೈರಿಗೆ ಬೆಲೆ ಜಾಸ್ತಿ, ಪಕ್ಕದ ರಬ್ಬರ್ ತೆಳು. ಗುಂಡಿಗೆ ಬಿದ್ದರೆ ರಿಮ್ಮಿಗೇ ಪೆಟ್ಟು, ಸೊಂಟಕ್ಕೂ ಪೆಟ್ಟು. ಹಳ್ಳ ದಿಣ್ಣೆಯ ರಸ್ತೆಗಳಲ್ಲಿ ಓಡಿಸುವವರಿಗೆ ಸಣ್ಣ ಚಕ್ರ, ದಪ್ಪ ಟೈರೇ ಸರಿ.

ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ಸೆಕೆಂಡ್ ಹ್ಯಾಂಡ್ ಆದರೆ ಬೆಲೆಯ ಹತ್ತನೇ ಒಂದು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆ ಅಂತ ಪಕ್ಕಕ್ಕಿಡಿ.

ಸಾಲ ಎಷ್ಟು ವರ್ಷಕ್ಕೆ ತಗೊಳ್ಳಲಿ?

ಆದಷ್ಟು ಕಡಿಮೆ ವರ್ಷಕ್ಕೆ. ಒಂದು ಲೆಕ್ಕ ನೋಡಿ. ಸಾಲ 100 ಅಂತಿಟ್ಟುಕೊಳ್ಳಿ, ವರ್ಷಕ್ಕೆ ಬಡ್ಡಿ 10%, ತೀರಿಸಿದಷ್ಟು ಅಸಲು ಇಳಿಯುತ್ತಾ ಹೋಗುವ ಸಾಲ. 3 ವರ್ಷಕ್ಕಾದರೆ ತಿಂಗಳ ಕಂತು ಸುಮಾರು 3.23, ಒಟ್ಟು ಕಟ್ಟುವುದು 116. ಅದೇ 7 ವರ್ಷಕ್ಕಾದರೆ ಕಂತು 1.66ಕ್ಕೆ ಇಳಿಯುತ್ತದೆ, ಒಟ್ಟು ಮಾತ್ರ 139 ದಾಟುತ್ತದೆ. ಬಡ್ಡಿ 16ರಿಂದ 39ಕ್ಕೆ ಏರಿತು, ಎರಡು ಪಟ್ಟಿಗಿಂತ ಜಾಸ್ತಿ. ಮಾರುವವರು ‘ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?’ ಅಂತ ಕೇಳುವುದು ಸುಮ್ನೆ ಅಲ್ಲ. ವರ್ಷ ಎಳೆದರೆ ಯಾವ ಕಾರನ್ನಾದರೂ ನಿಮ್ಮ ಕಂತಿನೊಳಗೆ ಕೂರಿಸಬಹುದು.

ಇನ್ನೊಂದು ತೊಂದರೆಯೂ ಇದೆ. ಉದ್ದ ಸಾಲದಲ್ಲಿ ಮೊದಲ ಒಂದೆರಡು ವರ್ಷ ಕಾರಿನ ಬೆಲೆ ಇಳಿಯುವಷ್ಟು ಬೇಗ ಸಾಲ ಇಳಿಯುವುದಿಲ್ಲ. ನಡುವೆ ಮಾರಬೇಕಾಗಿ ಬಂದರೆ ಬಂದ ಹಣ ಸಾಲಕ್ಕೇ ಸಾಲದೆ ಹೋಗಬಹುದು.

ಹೊಸದೋ, ಸೆಕೆಂಡ್ ಹ್ಯಾಂಡೋ?

ಆಗ ತಾನೇ ಲೈಸೆನ್ಸ್ ಸಿಕ್ಕಿದ್ದರೆ ಮೂರರಿಂದ ಆರು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ನನ್ನ ಮತ ಇಷ್ಟೇ. ಹೊಸ ಕಾರಿನ ಬೆಲೆ ಅತಿ ಜೋರಾಗಿ ಬೀಳುವುದು ಮೊದಲ ಎರಡು ಮೂರು ವರ್ಷದಲ್ಲಿ. ಆ ನಷ್ಟವನ್ನು ಬೇರೆಯವರು ಹೊತ್ತಾಗಿರುತ್ತದೆ. ಕಲಿಯುವ ಕಾಲದಲ್ಲಿ ಬಂಪರ್ ಎಲ್ಲಾದರೂ ತಾಗಿಸುವುದು, ಚಕ್ರ ಕಟ್ಟೆಗೆ ಉಜ್ಜುವುದು ಎಲ್ಲರಿಗೂ ಇದ್ದದ್ದೇ. ಅದಾಗಲೇ ಒಂದೆರಡು ಗೀರಿರುವ ಕಾರಿನಲ್ಲಿ ಮನಸ್ಸು ಹಗುರವಾಗಿರುತ್ತದೆ, ಕೈಯೂ ನಡುಗುವುದಿಲ್ಲ.

ಹೊಸದನ್ನು ತಗೊಳ್ಳಲೂ ಕಾರಣಗಳಿವೆ. ವಾರಂಟಿ ಇರುತ್ತದೆ, ಸುರಕ್ಷತೆಯ ಸೌಲಭ್ಯಗಳು ಹೊಸವು, ಹಿಂದಿನ ಚರಿತ್ರೆಯ ಚಿಂತೆ ಇಲ್ಲ. ಹತ್ತು ವರ್ಷ ಇಟ್ಟುಕೊಳ್ಳುತ್ತೇನೆ, ಕೆಟ್ಟರೆ ಓಡಾಡಲು ನನಗೆ ಪುರುಸೊತ್ತಿಲ್ಲ ಅನ್ನುವವರಿಗೆ ಹೊಸದೇ ಸರಿ. ನಾಲ್ಕು ವರ್ಷಕ್ಕೆ ಬದಲಿಸುವವರಿಗೆ ಹೊಸದು ದುಬಾರಿ ಹವ್ಯಾಸ.

ಹಳೆಯ ಕಾರು ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಲಿ?

ಹಗಲಲ್ಲಿ ಹೋಗಿ, ಮಳೆ ಇಲ್ಲದಾಗ ಹೋಗಿ. ಒದ್ದೆ ಮೈ ಬಣ್ಣದ ವ್ಯತ್ಯಾಸವನ್ನೆಲ್ಲ ಮುಚ್ಚುತ್ತದೆ. ಮತ್ತೆ, ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಕಷ್ಟಪಡುತ್ತದೆಯೋ ಏನೋ, ಅದನ್ನು ಮುಚ್ಚಿಡುತ್ತಿದ್ದಾರೆ ಅನ್ನುವ ಅನುಮಾನ ಇಟ್ಟುಕೊಳ್ಳಿ.

ದೂರ ನಿಂತು ಕಾರನ್ನು ಪಕ್ಕದಿಂದ ನೋಡಿ. ಬಾಗಿಲುಗಳ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಸಮ ಇದೆಯಾ? ಎರಡೂ ಕಡೆ ಒಂದೇ ಥರ ಇದೆಯಾ? ಬಾನೆಟ್ ಹಿಡಿದಿರುವ ಬೋಲ್ಟುಗಳ ಮೇಲೆ ಸ್ಪ್ಯಾನರ್ ಗುರುತಿದೆಯಾ? ಇವು ಅಪಘಾತದ ಸುಳಿವುಗಳು. ಎಲ್ಲ ಗಾಜುಗಳ ಮೂಲೆಯಲ್ಲೂ ತಯಾರಕರ ಗುರುತು ಇರುತ್ತದೆ. ಒಂದು ಗಾಜು ಮಾತ್ರ ಬೇರೆಯಾಗಿದ್ದರೆ ಯಾಕೆ ಅಂತ ಕೇಳಿ. ಕಲ್ಲು ಬಿದ್ದು ಒಡೆದಿದ್ದರೂ ಇರಬಹುದು, ಉತ್ತರ ಹೇಗೆ ಬರುತ್ತದೆ ಅನ್ನುವುದನ್ನು ಗಮನಿಸಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಅಂತಿದ್ದರೆ 2022ರ 23ನೇ ವಾರ ತಯಾರಾಗಿದ್ದು. ಟೈರು ಸವೆದಿರುವ ರೀತಿ ಇನ್ನೂ ಜಾಸ್ತಿ ಹೇಳುತ್ತದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಸರಿಯಿಲ್ಲ, ಇಲ್ಲವೇ ಸಸ್ಪೆನ್ಷನ್ ಬಾಗಿದೆ. ಟೈರಿನ ಮೇಲಿನ ಪಟ್ಟೆಯ (ಟ್ರೆಡ್) ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಹಲವು ದೇಶಗಳ ಕಾನೂನಿನಲ್ಲಿ ಆ ಟೈರು ರಸ್ತೆಗೆ ಯೋಗ್ಯವಲ್ಲ. ಮಳೆಯಲ್ಲಿ ಹಿಡಿತ ಅದಕ್ಕೂ ಮೊದಲೇ ಕಡಿಮೆಯಾಗಿರುತ್ತದೆ.

ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಒಳಗೆ ಹಾಲು ಬೆರೆಸಿದ ಕಾಫಿಯಂತಹ ನೊರೆ ಕಂಡರೆ ಆಯಿಲಿನ ಜೊತೆ ನೀರು ಸೇರುತ್ತಿದೆ. ಬರೀ ಹತ್ತಿರದ ಓಡಾಟದಿಂದ ಕೂಡಿದ ತೇವವೂ ಇರಬಹುದು, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲು) ಹೋಗಿದ್ದರೂ ಇರಬಹುದು. ಎರಡನೆಯದಾದರೆ ರಿಪೇರಿ ದುಬಾರಿ. ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಲೇ ಇದ್ದರೆ ಎಂಜಿನ್ ತಣ್ಣಗಿಡುವ ಕೂಲಂಟ್ ಒಳಗೆ ಸೇರಿ ಹಬೆಯಾಗುತ್ತಿದೆ. ಕಪ್ಪಾಗಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ತಣ್ಣನೆಯ ಬೆಳಿಗ್ಗೆ ಸ್ವಲ್ಪ ಹೊತ್ತು ಬರುವ ತೆಳು ಬಿಳಿ ಹಬೆಗೆ ಗಾಬರಿ ಬೇಡ.

ಕೀ ತಿರುಗಿಸಿದಾಗ ಮೀಟರಿನಲ್ಲಿ ಎಚ್ಚರಿಕೆ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಬೇಕು. ಏರ್‌ಬ್ಯಾಗ್ ದೀಪ ಹೊತ್ತುವುದೇ ಇಲ್ಲ ಅಂದರೆ ಅದು ಒಳ್ಳೆಯ ಸುದ್ದಿಯಲ್ಲ. ಯಾರೋ ಬಲ್ಬ್ ಕಿತ್ತು ಹಾಕಿರಬಹುದು.

ನೀರಿನಲ್ಲಿ ಮುಳುಗಿದ ಕಾರುಗಳನ್ನು ಒರೆಸಿ ಮಾರುವವರೂ ಇದ್ದಾರೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಒಂದಡಿ ನೋಡಿ. ಮಣ್ಣಿನ ಕಲೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಕಬ್ಬಿಣ, ಸ್ಪೇರ್ ವೀಲ್ ಇಡುವ ಗುಂಡಿ, ಕಾರ್ಪೆಟ್ಟಿನ ಅಡಿಯ ವಾಸನೆ, ಇವನ್ನೂ ಬಿಡಬೇಡಿ.

ಕೊನೆಗೆ, ನಿಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರಿಗೆ ಹಣ ಕೊಟ್ಟು ತೋರಿಸಿ. ಮಾರುವವರು ಹೇಳಿದ ಮೆಕ್ಯಾನಿಕ್ ಅಲ್ಲ. ಲಿಫ್ಟಿನ ಮೇಲೆ ಎತ್ತಿ ಕೆಳಗಿನಿಂದ ನೋಡಲು ಬಿಡುವುದಿಲ್ಲ ಅನ್ನುವವರ ಹತ್ತಿರ ಮಾತು ಮುಂದುವರಿಸುವ ಅಗತ್ಯವಿಲ್ಲ. ‘ಇನ್ನೊಬ್ಬರು ಸಂಜೆ ಅಡ್ವಾನ್ಸ್ ಕೊಡಲು ಬರುತ್ತಿದ್ದಾರೆ’ ಅಂದರೆ ಬರಲಿ ಬಿಡಿ. ಆತುರಗಾರನಿಗೆ ಬುದ್ಧಿ ಮಟ್ಟ.

ಮೀಟರ್ ಹಿಂದಕ್ಕೆ ತಿರುಗಿಸಿದ್ದಾರಾ ಅಂತ ಹೇಗೆ ತಿಳಿಯುವುದು?

ಡಿಜಿಟಲ್ ಮೀಟರನ್ನೂ ತಿರುಗಿಸುತ್ತಾರೆ. ಹಳೆಯ ಸರ್ವೀಸ್ ಬಿಲ್ಲುಗಳಲ್ಲಿ ತಾರೀಕಿನ ಪಕ್ಕ ಕಿಲೋಮೀಟರ್ ಬರೆದಿರುತ್ತಾರೆ, ಅದನ್ನು ಸಾಲಾಗಿ ಜೋಡಿಸಿ ನೋಡಿ. ಬ್ರೇಕ್ ಪೆಡಲಿನ ರಬ್ಬರ್, ಸ್ಟಿಯರಿಂಗಿನ ಮೇಲ್ಮೈ, ಗೇರ್ ಹಿಡಿ, ಓಡಿಸುವವರ ಸೀಟಿನ ಅಂಚು ಸವೆದು ನುಣುಪಾಗಿದ್ದು ಮೀಟರ್ ಮಾತ್ರ 20,000 ತೋರಿಸುತ್ತಿದ್ದರೆ ಸುಳ್ಳು ಹೇಳುತ್ತಿರುವುದು ಮೀಟರೇ. ಕಾಗದದಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಕಾರಿನ ಮೇಲಿರುವುದಕ್ಕೆ ಒಂದೊಂದಾಗಿ ಹೊಂದಬೇಕು. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗುತ್ತದೆ ಅಂತ ಬಿಟ್ಟಿದ್ದಾರೆ. ಕಂಡರೆ ಅನುಮಾನಪಡಿ. ಹಳೆಯ ಸಾಲ ತೀರಿದೆಯಾ, ಬಾಕಿ ದಂಡ ಇದೆಯಾ ಅನ್ನುವುದನ್ನು ಹಣ ಕೊಡುವ ಮೊದಲು ನೋಡಿ, ಆಮೇಲಲ್ಲ.

ಪೆಟ್ರೋಲ್, ಡೀಸೆಲ್, ಹೈಬ್ರಿಡ್, ಎಲೆಕ್ಟ್ರಿಕ್: ನಗರಕ್ಕೆ ಯಾವುದು?

ಡೀಸೆಲ್ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಈಗಿನ ಡೀಸೆಲ್ ಕಾರುಗಳ ಸೈಲೆನ್ಸರ್ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಹಿಡಿದ ಮಸಿಯನ್ನು ಸುಟ್ಟು ಶುಚಿಯಾಗಬೇಕಾದರೆ 600 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖ ಬೇಕು. ಅಷ್ಟು ಬಿಸಿ ಬರಲು ಒಂದೇ ಸಮ ವೇಗವಾಗಿ ಸ್ವಲ್ಪ ಹೊತ್ತು ಓಡಿಸಬೇಕು. ನಾಲ್ಕು ಕಿಲೋಮೀಟರ್ ಹೋಗಿ ನಿಲ್ಲಿಸುವವರಿಗೆ ಅದು ಸಾಧ್ಯವಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬದಲಿಸುವ ಖರ್ಚಿನಲ್ಲಿ ಇಂಧನದಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ.

ಪೆಟ್ರೋಲ್ ಎಂಜಿನ್ ಸರಳ, ಅಗ್ಗ, ಎಲ್ಲ ಗ್ಯಾರೇಜಿನವರಿಗೂ ಗೊತ್ತು. ಕಡಿಮೆ ಓಡಾಟ ಇರುವವರಿಗೆ ಇದೇ ಸಾಕು. ಗ್ಯಾಸ್ ಸಿಲಿಂಡರ್ ಇರುವ ಕಾರುಗಳಲ್ಲಿ ಕಿಲೋಮೀಟರಿನ ಖರ್ಚು ಕಡಿಮೆಯಾಗಬಹುದು, ಆದರೆ ಹೆಚ್ಚಿನವುಗಳಲ್ಲಿ ಡಿಕ್ಕಿಯ ಜಾಗವನ್ನು ಸಿಲಿಂಡರ್ ತಿನ್ನುತ್ತದೆ.

ಎಂಜಿನ್ ಜೊತೆ ಬ್ಯಾಟರಿಯಿಂದ ಓಡುವ ಮೋಟಾರೂ ಇರುವ ಹೈಬ್ರಿಡ್ ಕಾರಿಗೆ ನಗರವೇ ತವರು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಅದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ನಿಂತು ನಿಂತು ಹೋಗುವಾಗ ಎಂಜಿನ್ ಬಹಳ ಹೊತ್ತು ಆರಿರುತ್ತದೆ. ಬೇರೆ ಕಾರುಗಳು ಟ್ರಾಫಿಕ್‌ನಲ್ಲಿ ಜಾಸ್ತಿ ಕುಡಿದರೆ ಇದು ಅಲ್ಲೇ ಉಳಿಸುತ್ತದೆ. ತೊಂದರೆ ಬೆಲೆ ಒಂದೇ. ‘ಮೈಲ್ಡ್ ಹೈಬ್ರಿಡ್’ ಅಂದರೆ ಬೇರೆ, ಅದರಲ್ಲಿ ಸಣ್ಣ ಮೋಟಾರ್ ಎಂಜಿನ್ನಿಗೆ ಸ್ವಲ್ಪ ನೆರವಾಗುತ್ತದೆ ಅಷ್ಟೇ. ಹೆಸರು ನೋಡಿ ಹೈಬ್ರಿಡ್ಡಿನ ಬೆಲೆ ಕೊಡಬೇಡಿ.

ಎಲೆಕ್ಟ್ರಿಕ್ ತಗೊಳ್ಳಬೇಕೋ ಬೇಡವೋ ಅನ್ನುವುದು ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ರಾತ್ರಿ ನಿಲ್ಲಿಸುವ ಜಾಗದಲ್ಲಿ ನಿಮ್ಮದೇ ಪ್ಲಗ್ ಪಾಯಿಂಟ್ ಇದೆಯಾ? ಇದ್ದರೆ ನಗರಕ್ಕೆ ಇದಕ್ಕಿಂತ ಸುಖದ ಕಾರಿಲ್ಲ. ಗೇರ್ ಇಲ್ಲ, ಸದ್ದಿಲ್ಲ, ಆಯಿಲ್ ಬದಲಿಸುವುದಿಲ್ಲ. ಸಣ್ಣ ಎಲೆಕ್ಟ್ರಿಕ್ ಕಾರು 100 ಕಿಲೋಮೀಟರಿಗೆ ಹೆಚ್ಚೂಕಮ್ಮಿ 12ರಿಂದ 15 ಯೂನಿಟ್ ವಿದ್ಯುತ್ ತಗೊಳ್ಳುತ್ತದೆ. ದಿನಕ್ಕೆ 40 ಕಿಲೋಮೀಟರ್ ಓಡಿದರೆ 6 ಯೂನಿಟ್, ಮಲಗಿ ಏಳುವುದರೊಳಗೆ ತುಂಬಿರುತ್ತದೆ. ಪಾಯಿಂಟ್ ಇಲ್ಲದೆ ಬರೀ ಹೊರಗಿನ ಚಾರ್ಜರನ್ನೇ ನಂಬಿಕೊಳ್ಳುವುದಾದರೆ ಮೊದಲ ಕಾರಿಗೆ ಆ ತಾಪತ್ರಯ ಬೇಡ.

ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಬೇಗ ಹಾಳಾಗುತ್ತದಂತೆ, ನಿಜವಾ?

ಮೊಬೈಲಿನ ಬ್ಯಾಟರಿಯಷ್ಟು ಬೇಗ ಅಲ್ಲ. ಕಾರಿನಲ್ಲಿ ಅದನ್ನು ತಣ್ಣಗಿಡುವ, ಅತಿಯಾಗಿ ತುಂಬದಂತೆ ತಡೆಯುವ ವ್ಯವಸ್ಥೆ ಇರುತ್ತದೆ. 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುವುದು ಸಾಮಾನ್ಯ. ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಬ್ಯಾಟರಿಯಾದರೆ 100% ತುಂಬಿಸಿದರೂ ಅದಕ್ಕೆ ಅಷ್ಟು ಬಾಧೆಯಿಲ್ಲ. ನಿಕ್ಕಲ್ ಇರುವ ಬ್ಯಾಟರಿಯನ್ನು ದಿನದ ಬಳಕೆಗೆ 80% ವರೆಗೆ ತುಂಬಿಸುವುದು ಒಳ್ಳೆಯದು. ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವುದಾದರೆ ಮಾತ್ರ ಬ್ಯಾಟರಿಯ ಆರೋಗ್ಯದ ವರದಿ ಇಲ್ಲದೆ ಮುಟ್ಟಬೇಡಿ.

ಮ್ಯಾನ್ಯುವಲ್ ಗೇರ್ ಇರಲಾ, ಆಟೋಮ್ಯಾಟಿಕ್ ಇರಲಾ?

ದಿನಾ ಒಂದು ಗಂಟೆಗಿಂತ ಜಾಸ್ತಿ ಟ್ರಾಫಿಕ್‌ನಲ್ಲಿ ಇರುವವರು ಆಟೋಮ್ಯಾಟಿಕ್ ತಗೊಳ್ಳಿ. ಎಡಗಾಲಿನ ಮಂಡಿ ನಿಮಗೆ ಋಣಿಯಾಗಿರುತ್ತದೆ. ‘ಮೊದಲು ಮ್ಯಾನ್ಯುವಲ್ ಓಡಿಸಿದರೇನೇ ಡ್ರೈವಿಂಗ್ ಬರುವುದು’ ಅನ್ನುವುದು ಹಳೆಯ ಮಾತು. ಕ್ಲಚ್ಚಿನ ಚಿಂತೆ ಇಲ್ಲದಿದ್ದರೆ ಹೊಸಬರ ಗಮನ ರಸ್ತೆಯ ಮೇಲೇ ಇರುತ್ತದೆ. ಆದರೆ ಕೆಲವು ದೇಶಗಳಲ್ಲಿ ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಪಾಸಾದರೆ ಮ್ಯಾನ್ಯುವಲ್ ಓಡಿಸುವಂತಿಲ್ಲ, ಅದೊಂದನ್ನು ವಿಚಾರಿಸಿಕೊಳ್ಳಿ.

ಆಟೋಮ್ಯಾಟಿಕ್ ಅಂದರೆ ಎಲ್ಲವೂ ಒಂದೇ ಅಲ್ಲ. ಸಣ್ಣ ಕಾರುಗಳಲ್ಲಿ ಅತಿ ಅಗ್ಗಕ್ಕೆ ಸಿಗುವುದು ಎಎಂಟಿ. ಅದರೊಳಗಿರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಮೈಲೇಜ್ ಚೆನ್ನಾಗಿರುತ್ತದೆ, ರಿಪೇರಿ ಕಡಿಮೆ. ಗೇರ್ ಬದಲಾಗುವಾಗ ತಲೆ ಒಮ್ಮೆ ಮುಂದಕ್ಕೆ ತೂಗುತ್ತದೆ. ಏರಿನಲ್ಲಿ ಕಾರು ಹಿಂದಕ್ಕೆ ಜಾರಬಹುದು, ಹಾಗಾಗಿ ಅದನ್ನು ತಡೆಯುವ ಹಿಲ್ ಹೋಲ್ಡ್ ಇರುವುದನ್ನೇ ತಗೊಳ್ಳಿ. ಸಿವಿಟಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳೇ ಇಲ್ಲ, ಬೆಲ್ಟೊಂದು ಎರಡು ರಾಟೆಗಳ ನಡುವೆ ಜಾರುತ್ತಾ ವೇಗ ಹೊಂದಿಸುತ್ತದೆ. ನಗರಕ್ಕೆ ಬಹಳ ನುಣುಪು. ಜೋರಾಗಿ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಅಷ್ಟು ಓಡುವುದಿಲ್ಲ. ಎಂಜಿನ್ನಿನ ಬಲವನ್ನು ಕ್ಲಚ್ಚಿನ ಬದಲು ಆಯಿಲಿನ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಹಳೆಯ ಕಾಲದ್ದು, ಗಟ್ಟಿ, ತೆವಳುವ ಟ್ರಾಫಿಕ್ಕಿಗೆ ಹೇಳಿ ಮಾಡಿಸಿದ್ದು. ಎರಡು ಕ್ಲಚ್ಚುಗಳಿರುವ ಡ್ಯುಯಲ್ ಕ್ಲಚ್ ಓಡಿಸಲು ಮಜಾ, ಆದರೆ ಅದರಲ್ಲಿ ಆಯಿಲಿನಲ್ಲಿ ಮುಳುಗಿರದ ಒಣ ಕ್ಲಚ್ಚಿನ ಬಗೆ ಇದೆ. ಇಂಚಿಂಚು ಮುಂದೆ ಹೋಗುವ ದಟ್ಟಣೆಯಲ್ಲಿ ಅದು ಬಿಸಿಯಾಗುತ್ತದೆ. ಹಳೆಯ ಕಾರಿನಲ್ಲಿ ಅದಿದ್ದರೆ ನಾನು ದೂರವೇ ಇರುತ್ತೇನೆ.

ಎಂಜಿನ್ ಎಷ್ಟು ಸಿಸಿ ಇರಬೇಕು?

ಒಂದಿಬ್ಬರ ಓಡಾಟಕ್ಕೆ 1,000 ಸಿಸಿ ಸಾಕು. ಏರು ರಸ್ತೆಗಳಿದ್ದು, ನಾಲ್ಕು ಜನ ಕೂತು, ಎಸಿಯೂ ಹಾಕುವುದಾದರೆ 1,200 ಸಿಸಿ ನೆಮ್ಮದಿ. ಪವರ್ ಅಂಕಿಗಿಂತ ಟಾರ್ಕ್ (ಚಕ್ರ ತಿರುಗಿಸುವ ಬಲ) ಎಷ್ಟು ಕಡಿಮೆ ಆರ್‌ಪಿಎಮ್ಮಿನಲ್ಲಿ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳಲ್ಲಿ) ಸಿಗುತ್ತದೆ ಅನ್ನುವುದು ನಗರದಲ್ಲಿ ಮುಖ್ಯ. ಮೂರು ಸಿಲಿಂಡರಿನ ಎಂಜಿನ್ ನಿಂತಾಗ ಸ್ವಲ್ಪ ಅದುರುತ್ತದೆ, ಅದು ದೋಷವಲ್ಲ.

ಹಳೆಯ ಕಾರಾದರೆ ಎಂಜಿನ್ನಿನ ವಾಲ್ವುಗಳನ್ನು ಪಿಸ್ಟನ್ನಿನ ಲಯಕ್ಕೆ ಹೊಂದಿಸಿ ಆಡಿಸುವ ಟೈಮಿಂಗ್ ಚೈನ್ ಇದೆಯಾ, ಬೆಲ್ಟ್ ಇದೆಯಾ ಅಂತ ಕೇಳಿ. ಬೆಲ್ಟಾದರೆ ಕಾರಿನ ಕೈಪಿಡಿಯಲ್ಲಿ ಬರೆದ ಅವಧಿಗೆ ಬದಲಿಸಲೇಬೇಕು. ಓಡುವಾಗ ಹರಿದರೆ ಹಲವು ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಹೇಳಿದ ಮೈಲೇಜ್ ಯಾಕೆ ಸಿಗುವುದಿಲ್ಲ?

ಅದು ಪರೀಕ್ಷಾ ಕೊಠಡಿಯ ಅಂಕಿ. ರೋಲರುಗಳ ಮೇಲೆ, ಗೊತ್ತುಮಾಡಿದ ವೇಗದಲ್ಲಿ ಅಳೆದದ್ದು. ಮಾಡೆಲ್‌ಗಳನ್ನು ಹೋಲಿಸಲು ಅದು ಸರಿ, ನಿಮ್ಮ ಖರ್ಚು ಲೆಕ್ಕ ಹಾಕಲು ಅಲ್ಲ. ನಗರದ ದಟ್ಟಣೆಗೆ ಅದರಲ್ಲಿ ಮೂರನೇ ಒಂದು ಭಾಗ ಕಳೆದು ಲೆಕ್ಕ ಹಾಕಿ. ಜಾಸ್ತಿ ಸಿಕ್ಕರೆ ಲಾಭ. ಟೈರಿನ ಗಾಳಿ ಸರಿಯಿಡುವುದು, ದೂರದ ಕೆಂಪು ದೀಪ ಕಂಡ ಕೂಡಲೇ ಕಾಲು ತೆಗೆಯುವುದು, ಇವೆರಡರಿಂದಲೇ ವ್ಯತ್ಯಾಸ ಕಾಣುತ್ತದೆ.

ಸಣ್ಣ ಕಾರು ಸುರಕ್ಷಿತವಾ?

ಭೌತಶಾಸ್ತ್ರಕ್ಕೆ ರಿಯಾಯಿತಿ ಇಲ್ಲ. ಹಗುರ ಕಾರು ಭಾರದ ಕಾರಿಗೆ ಗುದ್ದಿದರೆ ಹಗುರದ್ದಕ್ಕೇ ಪೆಟ್ಟು ಜಾಸ್ತಿ. ಆದರೆ ಸಣ್ಣ ಕಾರು ಸಣ್ಣ ಕಾರಿನ ನಡುವೆಯೇ ಭೂಮಿ ಆಕಾಶದಷ್ಟು ವ್ಯತ್ಯಾಸವಿದೆ. ಯುರೋಪಿನ ಸುರಕ್ಷತಾ ಪರೀಕ್ಷೆಯ ಸಂಸ್ಥೆ ಯೂರೋ ಎನ್‌ಕ್ಯಾಪ್ 1997ರಿಂದ ಕಾರುಗಳನ್ನು ಗುದ್ದಿಸಿ ನಕ್ಷತ್ರ ಕೊಡುತ್ತಿದೆ, ಅಂತಹ ಸಂಸ್ಥೆಗಳು ಈಗ ಬೇರೆ ಕಡೆಯೂ ಇವೆ. ನಕ್ಷತ್ರದ ಜೊತೆ ಪರೀಕ್ಷೆಯ ವರ್ಷವನ್ನೂ ನೋಡಿ. ನಿಯಮಗಳು ವರ್ಷ ಕಳೆದಂತೆ ಬಿಗಿಯಾಗಿವೆ, ಹಾಗಾಗಿ ಹಳೆಯ ಐದು ನಕ್ಷತ್ರ ಇವತ್ತಿನ ಐದಕ್ಕೆ ಸಮ ಅಲ್ಲ. ‘ಜನ ಕೂರುವ ಗೂಡು (ಬಾಡಿಶೆಲ್) ಗಟ್ಟಿಯಾಗಿ ಉಳಿಯಿತು’ ಅಂತ ವರದಿಯಲ್ಲಿದೆಯಾ ಅನ್ನುವುದನ್ನೂ ಓದಿ.

ಎಬಿಎಸ್, ಮುಂದೆ ಎರಡು ಏರ್‌ಬ್ಯಾಗ್, ಇಎಸ್‌ಸಿ, ಎಲ್ಲರಿಗೂ ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್, ಇವು ಇಲ್ಲದ ಕಾರು ಎಷ್ಟು ಅಗ್ಗವಾದರೂ ಬೇಡ. ಎಬಿಎಸ್ ಅಂದರೆ ಬೇಗ ನಿಲ್ಲುವುದು ಅಂತ ಹಲವರು ತಿಳಿದಿದ್ದಾರೆ. ಅದರ ನಿಜವಾದ ಉಪಕಾರ ಬೇರೆ: ಬ್ರೇಕ್ ಪೂರ್ತಿ ಒತ್ತಿದ್ದಾಗಲೂ ಸ್ಟಿಯರಿಂಗ್ ಮಾತು ಕೇಳುತ್ತದೆ. ಕಾರು ಜಾರಿ ಅಡ್ಡ ತಿರುಗದಂತೆ ಇಎಸ್‌ಸಿ ತಡೆಯುತ್ತದೆ. ಯುರೋಪಿನಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ.

ಸೀಟ್ ಬೆಲ್ಟ್ ಹಾಕದಿದ್ದರೆ ಏರ್‌ಬ್ಯಾಗೇ ಗಾಯ ಮಾಡಬಹುದು, ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಸಿಡಿಯುತ್ತದೆ. ಮಕ್ಕಳಿದ್ದರೆ ಮಗುವಿನ ಸೀಟನ್ನು ನೇರ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇರುವ ಹಿಂದಿನ ಸೀಟು ಬೇಕು. ಹಿಂದಕ್ಕೆ ಮುಖ ಮಾಡಿದ ಮಗುವಿನ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬೇಡಿ.

ಕೆಳಗಿನ ವೇರಿಯಂಟ್ ಸಾಕಾ, ಮೇಲಿನದು ಬೇಕಾ?

ನಡುವಿನದು. ಸುರಕ್ಷತೆಯ ಸೌಲಭ್ಯಗಳು ಪೂರ್ತಿ ಸಿಗುವ ಅತಿ ಕೆಳಗಿನ ವೇರಿಯಂಟ್ ಯಾವುದೋ ಅಲ್ಲಿ ನಿಲ್ಲಿ. ಹಿಂದಿನ ಗಾಜಿನ ವೈಪರ್, ಸೀಟಿನ ಎತ್ತರ ಹೊಂದಿಸುವುದು, ಪಾರ್ಕಿಂಗ್ ಸೆನ್ಸರ್, ಇವಕ್ಕೆ ಹಣ ಕೊಡಬಹುದು. ದೊಡ್ಡ ಪರದೆ, ಸನ್‌ರೂಫ್, ಬಣ್ಣಬಣ್ಣದ ಒಳದೀಪಕ್ಕೆ ಬೇಡ.

ಯಾವ ಬಣ್ಣ?

ತಿಳಿ ಬಣ್ಣ. ಮುಸ್ಸಂಜೆಯಲ್ಲಿ ಬೇರೆಯವರಿಗೆ ಕಾಣುತ್ತದೆ, ಬಿಸಿಲಿಗೆ ಕಡಿಮೆ ಕಾಯುತ್ತದೆ, ಧೂಳೂ ಅಷ್ಟಾಗಿ ತೋರುವುದಿಲ್ಲ.

ಟೆಸ್ಟ್ ಡ್ರೈವಿನಲ್ಲಿ ಏನು ನೋಡಬೇಕು?

ಅವರು ತೋರಿಸುವ ಖಾಲಿ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿರುತ್ತವೆ. ನೀವು ದಿನಾ ಹೋಗುವ ದಾರಿಯಲ್ಲೇ ಓಡಿಸಿ, ದಟ್ಟಣೆಯ ಹೊತ್ತಿನಲ್ಲೇ. ಅರ್ಧ ಗಂಟೆಯಾದರೂ ಇರಲಿ, ಸೀಟಿನ ನೋವು ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಏರಿನಲ್ಲಿ ನಿಲ್ಲಿಸಿ ಹೊರಡಿ. ಉಬ್ಬು ಹತ್ತಿಸಿ ಸದ್ದು ಕೇಳಿ. ರಿವರ್ಸ್ ಹಾಕಿ ಇಕ್ಕಟ್ಟಿನ ಜಾಗದಲ್ಲಿ ನಿಲ್ಲಿಸಿ. ರೇಡಿಯೋ ಆಫ್ ಇರಲಿ, ಮಾರುವವರ ಮಾತೂ ಸ್ವಲ್ಪ ನಿಂತರೆ ಒಳ್ಳೆಯದು.

ಹಳೆಯ ಮ್ಯಾನ್ಯುವಲ್ ಕಾರಾದರೆ ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಸವೆದಿದೆ. ಖಾಲಿ ನೇರ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆಯಬಾರದು. ಮನೆಯಲ್ಲಿ ಬೇರೆ ಯಾರು ಓಡಿಸುತ್ತಾರೋ ಅವರನ್ನೂ ಕರೆದೊಯ್ಯಿರಿ. ಪೆಡಲ್ ಕಾಲಿಗೆ ಎಟುಕುವುದು ನಿಮಗೊಬ್ಬರಿಗೇ ಆದರೆ ಆಗಲಿಲ್ಲ, ಅಲ್ವಾ.

ವಿಮೆ ಯಾವುದು ಮಾಡಿಸಲಿ?

ಬೇರೆಯವರಿಗಾದ ನಷ್ಟಕ್ಕೆ ಮಾತ್ರ ಸಿಗುವ ಥರ್ಡ್ ಪಾರ್ಟಿ ವಿಮೆ ಬಹುತೇಕ ದೇಶಗಳಲ್ಲಿ ಕಡ್ಡಾಯ. ಹೊಸದಾಗಿ ಓಡಿಸುವವರಿಗೆ ಅದು ಸಾಲದು. ನಿಮ್ಮ ಕಾರಿಗೂ ಸೇರಿದ ಪೂರ್ಣ ವಿಮೆಯನ್ನು ಮೊದಲ ಕೆಲವು ವರ್ಷ ಮಾಡಿಸಿ. ಷೋರೂಮಿನಲ್ಲೇ ಮಾಡಿಸಬೇಕು ಅನ್ನುವ ಒತ್ತಾಯಕ್ಕೆ ಮಣಿಯುವ ಮೊದಲು ಹೊರಗೆ ಎರಡು ಕಡೆ ಬೆಲೆ ಕೇಳಿ. ಕ್ಲೇಮ್ ಮಾಡಿದರೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವ ಸಾಲನ್ನು ಓದದೆ ಸಹಿ ಹಾಕಬೇಡಿ.

ಹಳೆಯ ಕಾರು ಮನೆಗೆ ಬಂತು. ಮೊದಲು ಏನು ಮಾಡಲಿ?

ಹಿಂದಿನವರು ಏನೇ ಹೇಳಿರಲಿ, ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಯಾವಾಗ ಬದಲಿಸಿದ್ದು ಅಂತ ಕಾಗದದಲ್ಲಿಲ್ಲದಿದ್ದರೆ ಅದನ್ನೂ ಮಾಡಿಸಿ. ಸ್ಪೇರ್ ಟೈರಿನ ಗಾಳಿ, ಜಾಕ್, ಸ್ಪ್ಯಾನರ್ ಇದೆಯಾ ನೋಡಿ. ಮನೆಯ ಮುಂದೆಯೇ ಒಮ್ಮೆ ಚಕ್ರ ಬಿಚ್ಚಿ ಹಾಕಿ ಕಲಿಯಿರಿ. ಕಾರಿನ ಮ್ಯಾನ್ಯುವಲ್ ಸಿಗದಿದ್ದರೆ ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಟೈರಿಗೆ ಎಷ್ಟು ಗಾಳಿ ಅನ್ನುವುದು ಓಡಿಸುವವರ ಬಾಗಿಲಿನ ಚೌಕಟ್ಟಿನ ಮೇಲೋ ಪೆಟ್ರೋಲ್ ಮುಚ್ಚಳದ ಒಳಗೋ ಬರೆದಿರುತ್ತದೆ.

ಮೊದಲ ಗೀರು ಬಿತ್ತು. ವಿಮೆ ಕ್ಲೇಮ್ ಮಾಡಲಾ?

ಬೇಡ. ಸಣ್ಣದಕ್ಕೆ ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ರಿಯಾಯಿತಿ ಹೋಗುತ್ತದೆ. ಅದು ಹೆಚ್ಚಾಗಿ ರಿಪೇರಿಗಿಂತ ದೊಡ್ಡ ಮೊತ್ತ. ಉಗುರು ಆಡಿಸಿ ನೋಡಿ. ಸಿಕ್ಕಿಕೊಳ್ಳದಿದ್ದರೆ ಮೇಲಿನ ಪದರಕ್ಕಷ್ಟೇ ಆಗಿದೆ, ಪಾಲಿಶಿಗೆ ಹೋಗುತ್ತದೆ. ಒಳಗಿನ ಕಬ್ಬಿಣ ಕಾಣುತ್ತಿದ್ದರೆ ತುಕ್ಕು ಹಿಡಿಯುವ ಮೊದಲು ಟಚ್-ಅಪ್ ಬಣ್ಣ ಹಚ್ಚಿ. ಪ್ಲಾಸ್ಟಿಕ್ ಬಂಪರಿನ ಮೇಲಾದರೆ ಹಾಗೇ ಬಿಟ್ಟುಬಿಡಿ, ಎರಡನೆಯದು ಬೀಳುವವರೆಗೆ ಕಾಯಬಹುದು.